ಕುರ್ಚಿ ಲೆಕ್ಕವನ್ನು ಕನ್ನಡದಲ್ಲಿ ಬಿಡಿಸಿ ನೋಡಿ

ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವವರಿಗೆ, ಕ್ಯಾಂಪಸ್ ಸೆಲೆಕ್ಷನ್‌ಗೆ ಕಾಯುತ್ತಿರುವವರಿಗೆ ಈ ಪ್ರಶ್ನೆಯ ಪರಿಚಯ ಮಾಡಿಕೊಡಬೇಕಿಲ್ಲ. ಎಂಟು ಜನ ಒಂದು ದುಂಡು ಮೇಜಿನ ಸುತ್ತ ಕುಳಿತಿರುತ್ತಾರೆ. ಒಬ್ಬರ ಎಡಕ್ಕೆ ಮೂರನೆಯವರು ಇನ್ನೊಬ್ಬರು. ಒಬ್ಬರಿಗೆ ಕೆಂಪು ಬಣ್ಣ ಇಷ್ಟ, ಮತ್ತೊಬ್ಬರು ವಕೀಲರು, ವಕೀಲರ ಎದುರು ಕುಳಿತವರಿಗೆ ನೀಲಿ ಬಣ್ಣ ಆಗುವುದಿಲ್ಲ. ಈ ಎಂಟು ಜನ ಅಲ್ಲಿ ಯಾಕೆ ಸೇರಿದ್ದಾರೆ, ಊಟ ಮಾಡಿದರೋ ಇಲ್ಲವೋ, ಯಾರೂ ಹೇಳುವುದಿಲ್ಲ. ನಾವು ಮಾತ್ರ ಯಾರ ಪಕ್ಕ ಯಾರಿದ್ದಾರೆ ಎಂಬುದನ್ನು ಮೂರು ನಿಮಿಷದೊಳಗೆ ಹೇಳಬೇಕು. ಪುಸ್ತಕದಲ್ಲಿ ಇದರ ಹೆಸರು ಸೀಟಿಂಗ್ ಅರೇಂಜ್‌ಮೆಂಟ್. ನಮ್ಮ ಹಾಸ್ಟೆಲ್‌ನಲ್ಲಿ ಕುರ್ಚಿ ಲೆಕ್ಕ.

ಮೂರು ನಿಮಿಷ ಎಂದಿದ್ದು ಉತ್ಪ್ರೇಕ್ಷೆಯಲ್ಲ. ಐಬಿಪಿಎಸ್ ನಡೆಸುವ ಬ್ಯಾಂಕ್ ಪರೀಕ್ಷೆಯ ಪೂರ್ವಭಾವಿ ಹಂತದಲ್ಲಿ ರೀಸನಿಂಗ್ ವಿಭಾಗಕ್ಕೆ 35 ಪ್ರಶ್ನೆ, 20 ನಿಮಿಷ. ಒಂದು ಪ್ರಶ್ನೆಗೆ ಸುಮಾರು 34 ಸೆಕೆಂಡು ಸಿಗುತ್ತದೆ. ಒಂದು ಕುರ್ಚಿ ಲೆಕ್ಕದ ಕೆಳಗೆ ಐದು ಪ್ರಶ್ನೆಗಳಿದ್ದರೆ ಓದಿ, ಚಿತ್ರ ಬರೆದು, ಐದಕ್ಕೂ ಉತ್ತರ ಹೇಳಲು ಸಿಗುವುದು ಹೆಚ್ಚೆಂದರೆ 170 ಸೆಕೆಂಡು. ತಪ್ಪಿದರೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಬೇರೆ ಕಡಿತವಾಗುತ್ತದೆ. ಹಾಗಾಗಿ ಕೋಚಿಂಗ್ ಕ್ಲಾಸಿನಲ್ಲೂ ಯೂಟ್ಯೂಬ್‌ನಲ್ಲೂ ಎಲ್ಲರ ಬಾಯಲ್ಲೂ ಒಂದೇ ಮಾತು: ಸ್ಪೀಡ್, ಟ್ರಿಕ್, ಶಾರ್ಟ್‌ಕಟ್.

ನಾನು ಹೇಳಹೊರಟಿರುವುದು ಬೇರೆ. ನಮ್ಮಲ್ಲಿ ಬಹಳಷ್ಟು ಜನರನ್ನು ಈ ಲೆಕ್ಕದಲ್ಲಿ ಸೋಲಿಸುತ್ತಿರುವುದು ತರ್ಕವಲ್ಲ, ಓದು. ಅದರಲ್ಲೂ ಇಂಗ್ಲಿಷ್ ವಾಕ್ಯದ ಓದು. ಕನ್ನಡ ಮಾಧ್ಯಮದಿಂದ ಬಂದವರು ಈ ಲೆಕ್ಕವನ್ನು ಮೊದಲು ಕನ್ನಡದಲ್ಲಿ ಕಲಿಯಬೇಕು, ಕಾಲೇಜುಗಳು ಅದಕ್ಕೆ ಅವಕಾಶ ಮಾಡಿಕೊಡಬೇಕು ಎಂಬುದು ನನ್ನ ವಾದ. ವಾದ ಮಾಡುವ ಮೊದಲು ಒಂದು ಲೆಕ್ಕ ಬಿಡಿಸೋಣ. ಪೆನ್ಸಿಲ್ ತೆಗೆದುಕೊಳ್ಳಿ.

ಆರು ಜನ, ನಾಲ್ಕು ಸುಳಿವು

ಅರುಣ, ಬಸವ, ಚೈತ್ರಾ, ದಿವ್ಯಾ, ಈರಣ್ಣ, ಫಾತಿಮಾ ಎಂಬ ಆರು ಗೆಳೆಯರು ದುಂಡು ಮೇಜಿನ ಸುತ್ತ, ಮೇಜಿನ ಕಡೆಗೇ ಮುಖ ಮಾಡಿ, ಸಮ ಅಂತರದಲ್ಲಿ ಕುಳಿತಿದ್ದಾರೆ. ಸುಳಿವುಗಳು ನಾಲ್ಕು. ಒಂದು, ಬಸವನ ನೇರ ಎದುರು ಚೈತ್ರಾ ಇದ್ದಾಳೆ. ಎರಡು, ಅರುಣನ ಎಡಕ್ಕೆ ಎರಡನೆಯವಳು ದಿವ್ಯಾ. ಮೂರು, ಈರಣ್ಣ ಚೈತ್ರಾಳ ಪಕ್ಕದಲ್ಲಿ ಇಲ್ಲ. ನಾಲ್ಕು, ಫಾತಿಮಾ ಅರುಣನ ಪಕ್ಕದಲ್ಲಿ ಇಲ್ಲ. ಪ್ರಶ್ನೆ: ಫಾತಿಮಾಳ ಎಡಪಕ್ಕದಲ್ಲೇ ಕುಳಿತವರು ಯಾರು?

ಆರು ಜನರನ್ನು ದುಂಡಗೆ ಕೂರಿಸಲು 120 ದಾರಿಗಳಿವೆ. ಪಿಯುಸಿಯಲ್ಲಿ ಓದಿದ್ದು ನೆನಪಿರಬಹುದು. ದುಂಡು ಮೇಜಿಗೆ ಮೊದಲು, ಕೊನೆ ಎಂಬುದಿಲ್ಲ. ಆದ್ದರಿಂದ ಒಬ್ಬರನ್ನು ಒಂದು ಕಡೆ ಕೂರಿಸಿ ಉಳಿದ ಐವರನ್ನು ಅದಲು ಬದಲು ಮಾಡಿದರೆ ಸಾಕು. 5ರ ಫ್ಯಾಕ್ಟೋರಿಯಲ್, ಅಂದರೆ 120. ಎಂಟು ಜನರಿದ್ದರೆ 5040.

ಮೇಜನ್ನು ಗಡಿಯಾರ ಅಂದುಕೊಳ್ಳಿ. 12, 2, 4, 6, 8, 10ರ ಜಾಗದಲ್ಲಿ ಕುರ್ಚಿಗಳಿವೆ. ಬಸವನನ್ನು 12ಕ್ಕೆ ಕೂರಿಸಿ. ಎದುರು ಎಂದರೆ 6, ಅಲ್ಲಿ ಚೈತ್ರಾ. ಈ ಒಂದೇ ಸುಳಿವಿಗೆ 120 ದಾರಿಗಳು 24ಕ್ಕೆ ಇಳಿದವು. ಮೇಜಿನ ಕಡೆ ಮುಖ ಮಾಡಿ ಕುಳಿತವರ ಎಡಗೈ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿಗೇ ಇರುತ್ತದೆ. ನಂಬಿಕೆ ಬಾರದಿದ್ದರೆ ಊಟದ ಮೇಜಿನಲ್ಲಿ ಕುಳಿತು ನೋಡಿ. ಹಾಗಾಗಿ ಅರುಣನಿಂದ ಮುಳ್ಳಿನ ದಿಕ್ಕಿಗೆ ಎರಡು ಕುರ್ಚಿ ದಾಟಿದರೆ ದಿವ್ಯಾ ಸಿಗಬೇಕು. ಅರುಣ 2ರಲ್ಲಿದ್ದರೆ ದಿವ್ಯಾಳ ಜಾಗದಲ್ಲಿ ಚೈತ್ರಾ ಇದ್ದಾಳೆ, ಆಗುವುದಿಲ್ಲ. ಅರುಣ 8ರಲ್ಲಿದ್ದರೆ ಆ ಜಾಗದಲ್ಲಿ ಬಸವ ಇದ್ದಾನೆ, ಅದೂ ಆಗುವುದಿಲ್ಲ. ಉಳಿದದ್ದು ಎರಡು: ಅರುಣ 4, ದಿವ್ಯಾ 8, ಇಲ್ಲವೇ ಅರುಣ 10, ದಿವ್ಯಾ 2. ಯಾವುದು ಸರಿ ಎಂದು ಈಗಲೇ ಹೇಳಲು ಬರುವುದಿಲ್ಲ. ಎರಡು ಚಿತ್ರ ಬರೆದಿಟ್ಟುಕೊಳ್ಳಬೇಕು. ಈರಣ್ಣ, ಫಾತಿಮಾ ಇಬ್ಬರೂ ಎರಡು ಬಗೆಯಲ್ಲಿ ಕೂರಬಹುದಾದ್ದರಿಂದ ಒಟ್ಟು ನಾಲ್ಕು ದಾರಿಗಳು ಬಾಕಿ.

ಮೂರನೇ ಸುಳಿವು ಈರಣ್ಣ ಎಲ್ಲಿದ್ದಾನೆ ಎಂದು ಹೇಳುವುದಿಲ್ಲ, ಎಲ್ಲಿ ಇಲ್ಲ ಎಂದಷ್ಟೇ ಹೇಳುತ್ತದೆ. ಆದರೆ ಕೆಲಸ ಮಾಡುವುದು ಅದೇ. ಎರಡನೇ ಚಿತ್ರದಲ್ಲಿ ಖಾಲಿ ಇರುವ ಕುರ್ಚಿಗಳು 4 ಮತ್ತು 8. ಎರಡೂ ಚೈತ್ರಾಳ ಅಕ್ಕಪಕ್ಕದವು. ಈರಣ್ಣನಿಗೆ ಅಲ್ಲಿ ಜಾಗವೇ ಇಲ್ಲ ಎಂದಮೇಲೆ ಇಡೀ ಚಿತ್ರವನ್ನೇ ಹೊಡೆದು ಹಾಕಬಹುದು. ಮೊದಲ ಚಿತ್ರದಲ್ಲಿ ಖಾಲಿ ಇರುವುದು 2 ಮತ್ತು 10. ಫಾತಿಮಾ 4ರಲ್ಲಿರುವ ಅರುಣನ ಪಕ್ಕ ಇರಬಾರದು, ಹಾಗಾಗಿ 2 ಅವಳದ್ದಲ್ಲ. ಅವಳು 10ಕ್ಕೆ, ಈರಣ್ಣ 2ಕ್ಕೆ. ಫಾತಿಮಾಳ ಎಡಪಕ್ಕದಲ್ಲಿ ಬಸವ. 120, 24, 4, 2, 1. ಲೆಕ್ಕ ಮುಗಿಯಿತು.

ಇದರಲ್ಲಿ ಯಾವ ಟ್ರಿಕ್ ಇತ್ತು? ಖಚಿತವಾದದ್ದನ್ನು ಮೊದಲು ಬರೆಯುವುದು, ಖಚಿತವಲ್ಲದ್ದನ್ನು ಎರಡು ಚಿತ್ರವಾಗಿ ಇಟ್ಟುಕೊಂಡು ಕಾಯುವುದು, ‘ಇಲ್ಲ’ ಎನ್ನುವ ಸುಳಿವನ್ನು ಹಗುರವಾಗಿ ನೋಡದಿರುವುದು. ಮನೆಯಲ್ಲಿ ಬೀಗದ ಕೈ ಕಳೆದಾಗ ಅಮ್ಮ ಹುಡುಕುವ ರೀತಿಯೂ ಇದೇ. ಅಲ್ಲಿಲ್ಲ, ಇಲ್ಲಿಲ್ಲ, ಹಾಗಾದರೆ ನಿನ್ನ ಪ್ಯಾಂಟ್ ಜೇಬಲ್ಲೇ ಇರಬೇಕು ಅನ್ನುತ್ತಾಳೆ. ಇರುತ್ತದೆ ಕೂಡ.

ಎಲ್ಲಿ ಎಡವುತ್ತೇವೆ?

ಈಗ ಎರಡನೇ ಸುಳಿವನ್ನು ಪರೀಕ್ಷೆಯಲ್ಲಿ ಬರುವ ಹಾಗೆ ಓದಿ: ‘ದಿವ್ಯಾ ಸಿಟ್ಸ್ ಸೆಕೆಂಡ್ ಟು ದ ಲೆಫ್ಟ್ ಆಫ್ ಅರುಣ.’ ಇಂಗ್ಲಿಷ್‌ನಲ್ಲಿ ವಾಕ್ಯ ಶುರುವಾಗುವುದು ದಿವ್ಯಾಳಿಂದ. ಆದರೆ ಎಣಿಕೆ ಶುರುವಾಗಬೇಕಾದದ್ದು ಅರುಣನಿಂದ, ಅವನು ವಾಕ್ಯದ ಕೊನೆಯಲ್ಲಿ ಕುಳಿತಿದ್ದಾನೆ. ಇಂಗ್ಲಿಷ್ ರೂಢಿ ಇರುವವರ ಕಣ್ಣು ತಾನಾಗಿಯೇ ಕೊನೆಗೆ ಹೋಗಿ ಹಿಂದಕ್ಕೆ ಬರುತ್ತದೆ. ರೂಢಿ ಇಲ್ಲದವರು ಪದದಿಂದ ಪದಕ್ಕೆ ಹೋಗುತ್ತಾರೆ: ದಿವ್ಯಾ, ಎರಡು, ಎಡ, ಅರುಣ. ದಿವ್ಯಾಳನ್ನು ಮೊದಲು ಕೂರಿಸಿ, ಅವಳ ಎಡಕ್ಕೆ ಎರಡು ಎಣಿಸಿ, ಅಲ್ಲಿ ಅರುಣನನ್ನು ಬರೆಯುತ್ತಾರೆ.

ಹಾಗೆ ಮಾಡಿದರೆ ಏನಾಗುತ್ತದೆ ಎಂದು ನೀವೇ ಬರೆದು ನೋಡಿ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗುತ್ತದೆ. ಮೊದಲನೆಯ, ಮೂರನೆಯ, ನಾಲ್ಕನೆಯ ಸುಳಿವುಗಳು ಆ ಚಿತ್ರಕ್ಕೂ ಸರಿಯಾಗಿ ಹೊಂದುತ್ತವೆ. ಎಲ್ಲೂ ಅಡ್ಡಿ ಬಾರದ ಕಾರಣ ದಾರಿ ತಪ್ಪಿದ್ದೇ ಗೊತ್ತಾಗುವುದಿಲ್ಲ. ಫಾತಿಮಾಳ ಎಡಪಕ್ಕದಲ್ಲಿ ಬಸವನ ಬದಲು ದಿವ್ಯಾ ಸಿಗುತ್ತಾಳೆ. ಕೊಟ್ಟ ಆಯ್ಕೆಗಳಲ್ಲಿ ದಿವ್ಯಾಳ ಹೆಸರೂ ಇದ್ದರೆ, ಕ್ಲಿಕ್ ಮಾಡಿ ನೆಮ್ಮದಿಯಿಂದ ಮುಂದೆ ಹೋಗುತ್ತಾರೆ. ಈ ಅಭ್ಯರ್ಥಿಯ ತರ್ಕದಲ್ಲಿ ಒಂದು ಹೆಜ್ಜೆಯೂ ತಪ್ಪಿಲ್ಲ. ತಪ್ಪಿದ್ದು ‘ಆಫ್’ ಎಂಬ ಒಂದು ಪದದಲ್ಲಿ. ಫಲಿತಾಂಶದಲ್ಲಿ ಮಾತ್ರ ‘ರೀಸನಿಂಗ್ ಸಾಲದು’ ಎಂದಾಗುತ್ತದೆ.

ಕನ್ನಡದ ವಾಕ್ಯವನ್ನು ಮತ್ತೊಮ್ಮೆ ನೋಡಿ: ಅರುಣನ ಎಡಕ್ಕೆ ಎರಡನೆಯವಳು ದಿವ್ಯಾ. ಮೊದಲು ಅರುಣನನ್ನು ಹುಡುಕು, ಎಡಕ್ಕೆ ತಿರುಗು, ಎರಡು ಎಣಿಸು, ದಿವ್ಯಾಳನ್ನು ಕೂರಿಸು. ಪದಗಳು ಬರುವ ಸಾಲು, ಪೆನ್ಸಿಲ್ ಓಡಬೇಕಾದ ಸಾಲು ಎರಡೂ ಒಂದೇ. ಯಾರಿಗೆ ಸಂಬಂಧಿಸಿದ್ದು ಎಂಬುದನ್ನು ಕನ್ನಡ ಮೊದಲು ಹೇಳಿಬಿಡುತ್ತದೆ. ‘ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯ ಮೂರನೇ ಮನೆ’ ಎಂದು ವಿಳಾಸ ಹೇಳುವವರು ನಾವು. ಕೇಳಿಸಿಕೊಳ್ಳುತ್ತಲೇ ಅಲ್ಲಿಗೆ ನಡೆದುಕೊಂಡು ಹೋಗಬಹುದು.

ಇನ್ನೂ ಒಂದು ಉದಾಹರಣೆ. ‘ಎ ಮತ್ತು ಬಿ ನಡುವೆ ಎಷ್ಟು ಜನರಿದ್ದಾರೋ ಸಿ ಮತ್ತು ಡಿ ನಡುವೆಯೂ ಅಷ್ಟೇ ಜನ’ ಎಂದರೆ ಹೈಸ್ಕೂಲ್ ಹುಡುಗನಿಗೂ ಅರ್ಥವಾಗುತ್ತದೆ. ಇದೇ ಮಾತು ಇಂಗ್ಲಿಷ್‌ನಲ್ಲಿ ‘ಆ್ಯಸ್ ಮೆನಿ’ ಎಂದು ಶುರುವಾಗಿ, ನಡುವೆ ಇನ್ನೊಂದು ‘ಆ್ಯಸ್’ ಸಿಕ್ಕಿ ಮುಗಿಯುವಷ್ಟರಲ್ಲಿ ಎರಡು ಸಲ ಓದಬೇಕಾಗುತ್ತದೆ. ಎಷ್ಟು–ಅಷ್ಟು, ಯಾರು–ಅವರು, ಎಲ್ಲಿ–ಅಲ್ಲಿ ಎಂಬ ಜೋಡಿಗಳನ್ನು ನಾವು ಮಾತು ಕಲಿತಾಗಿನಿಂದ ಬಳಸುತ್ತಿದ್ದೇವೆ.

ಎದುರುಬದುರು ಎರಡು ಸಾಲಿನ ಲೆಕ್ಕ ಎಂದರೆ ಬಹಳ ಜನಕ್ಕೆ ಭಯ. ಒಂದು ಸಾಲಿನವರ ಎಡ, ಎದುರು ಸಾಲಿನವರಿಗೆ ಬಲ ಎಂಬಲ್ಲೇ ತಲೆ ಗಿರ್ ಅನ್ನುತ್ತದೆ. ಆದರೆ ಊರಿನ ಮದುವೆಯಲ್ಲಿ ಬಾಳೆಎಲೆಗೆ ಬಡಿಸಿದವರಿಗೆ ಇದು ಹೊಸದೇನಲ್ಲ. ಎಲೆಯ ತುದಿ ಉಣ್ಣುವವರ ಎಡಕ್ಕೆ ಇರಬೇಕು, ಉಪ್ಪು ಆ ತುದಿಯ ಕಡೆ ಬೀಳಬೇಕು. ಎದುರು ನಿಂತು ಬಡಿಸುವವರಿಗೆ ಅದು ಬಲ. ಎರಡು ಪಂಕ್ತಿಯ ನಡುವೆ ಹೋಗುತ್ತಾ ಇತ್ತ ಒಂದು ಸೌಟು, ಅತ್ತ ಒಂದು ಸೌಟು ಹಾಕುವ ಹುಡುಗ ಎಡಬಲವನ್ನು ತನ್ನಿಂದ ಲೆಕ್ಕ ಹಾಕುವುದಿಲ್ಲ, ಕುಳಿತವರಿಂದ ಲೆಕ್ಕ ಹಾಕುತ್ತಾನೆ. ಕುರ್ಚಿ ಲೆಕ್ಕದಲ್ಲಿ ಕೇಳುವುದೂ ಅದನ್ನೇ.

ಬಸ್ಸಿನಲ್ಲಿ ಬಂದ ಬುದ್ಧಿ ಪರೀಕ್ಷೆಯಲ್ಲಿ ಎಲ್ಲಿ ಹೋಯಿತು?

ನನ್ನ ರೂಮ್‌ಮೇಟ್ ನನಗಿಂತ ಒಂದು ವರ್ಷ ಸೀನಿಯರ್. ನಾನು ಅಣ್ಣ ಅಂತಲೇ ಕರೆಯುವುದು. ಯಾದಗಿರಿ ಜಿಲ್ಲೆಯ ಹಳ್ಳಿಯವನು, ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಡಿಪ್ಲೊಮಾ, ಅಲ್ಲಿಂದ ನೇರವಾಗಿ ಎರಡನೇ ವರ್ಷದ ಬಿ.ಇ. ಹೋದ ವರ್ಷ ಇಂಡಸ್ಟ್ರಿಯಲ್ ವಿಸಿಟ್‌ಗೆ ಹೊರಟಾಗ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬ ಜಗಳ ಬಗೆಹರಿಸಿದ್ದು ಅವನೇ. ಇಬ್ಬರಿಗೆ ಘಾಟಿಯಲ್ಲಿ ವಾಂತಿ ಆಗುತ್ತದೆ, ಮುಂದಿನ ಕಿಟಕಿ ಬೇಕು. ಒಬ್ಬನ ಕಾಲಿಗೆ ಪ್ಲಾಸ್ಟರ್, ಓಡಾಡುವ ಜಾಗದ ಕಡೆಯ ಸೀಟು ಬೇಕು. ಇಬ್ಬರು ಹುಡುಗಿಯರು ಮಾತು ಬಿಟ್ಟಿದ್ದಾರೆ. ಮೇಷ್ಟ್ರು ಸ್ಪೀಕರ್ ಕೆಳಗೆ ಕೂರುವುದಿಲ್ಲ. ಅಣ್ಣ ಎಲ್ಲರ ಬೇಡಿಕೆಯನ್ನೂ ಮೊದಲು ಕೇಳಿ ಬರೆದುಕೊಂಡ. ಖಚಿತವಾದ ಹೆಸರುಗಳನ್ನು ಪೆನ್ನಿನಲ್ಲಿ, ಬದಲಾಗಬಹುದಾದವನ್ನು ಪೆನ್ಸಿಲ್‌ನಲ್ಲಿ ಬರೆದ. ಹತ್ತು ನಿಮಿಷದಲ್ಲಿ ನಲವತ್ತಕ್ಕೂ ಹೆಚ್ಚು ಜನ ಕೂತಾಗಿತ್ತು.

ಅದೇ ಅಣ್ಣ ಈ ವರ್ಷ ಕಾಲೇಜಿಗೆ ಬಂದ ಒಂದು ಕಂಪನಿಯ ಮೊದಲ ಸುತ್ತಿನಲ್ಲೇ ಹೊರಬಿದ್ದ. ಆ್ಯಪ್ಟಿಟ್ಯೂಡ್ ಸುತ್ತು. ಕೋಡಿಂಗ್ ಸುತ್ತಿನವರೆಗೆ ಅವನು ಹೋಗಲೇ ಇಲ್ಲ, ಹಾಗಾಗಿ ಅವನಿಗೆ ಕೋಡ್ ಬರೆಯಲು ಬರುತ್ತದೋ ಇಲ್ಲವೋ ಕಂಪನಿಗೆ ಗೊತ್ತಾಗಲೂ ಇಲ್ಲ. ಆ ರಾತ್ರಿ ರೂಮಿನಲ್ಲಿ ಪುಸ್ತಕದಿಂದ ಒಂದು ಕುರ್ಚಿ ಲೆಕ್ಕ ತೆಗೆದು, ಒಂದೊಂದೇ ವಾಕ್ಯವನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ. ಅವನು ಗೆರೆ ಎಳೆಯುತ್ತಾ ಹೋದ. ಮುಗಿದ ಮೇಲೆ ತಲೆ ಎತ್ತಿ, ‘ಇಷ್ಟೇನಾ?’ ಎಂದ. ಸಿಟ್ಟೋ ನಗುವೋ ನನಗೆ ತಿಳಿಯಲಿಲ್ಲ.

ಆಮೇಲೆ ನಾವು ಮಾಡಿದ್ದು ಸರಳ ಕೆಲಸ. ಈ ಲೆಕ್ಕಗಳಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಮಾತುಗಳನ್ನು ಒಂದು ಹಾಳೆಯಲ್ಲಿ ಪಟ್ಟಿ ಮಾಡಿದೆವು. ಹತ್ತಾರು ಲೆಕ್ಕ ತಿರುವಿ ಹಾಕಿದರೂ ಪಟ್ಟಿ ಇಪ್ಪತ್ತು ದಾಟಲಿಲ್ಲ. ‘ಇಮ್ಮೀಡಿಯೆಟ್ ಲೆಫ್ಟ್’ ಎಂದರೆ ಎಡಪಕ್ಕದಲ್ಲೇ. ಬರೀ ‘ಟು ದ ಲೆಫ್ಟ್’ ಎಂದರೆ ಸಾಲಿನಲ್ಲಿ ಎಡಗಡೆ ಎಲ್ಲೋ, ಪಕ್ಕದಲ್ಲೇ ಇರಬೇಕೆಂದಿಲ್ಲ. ‘ನೈದರ್ ನಾರ್’ ಎಂದರೆ ಇವನೂ ಅಲ್ಲ ಅವನೂ ಅಲ್ಲ. ‘ಎಕ್ಸ್‌ಟ್ರೀಮ್ ಎಂಡ್’ ಎಂದರೆ ಸಾಲಿನ ತುದಿ. ‘ಫೇಸಿಂಗ್ ಅವೇ ಫ್ರಮ್ ದ ಸೆಂಟರ್’ ಎಂದರೆ ಮೇಜಿಗೆ ಬೆನ್ನು ಹಾಕಿ. ಪ್ರತಿ ಮಾತಿನ ಎದುರು ಕನ್ನಡ, ಅದರ ಎದುರು ಒಂದು ಪುಟ್ಟ ಚಿತ್ರ. ಮೊದಲ ಎರಡು ವಾರ ಕನ್ನಡದಲ್ಲೇ ಬಿಡಿಸುವುದು, ಆಮೇಲೆ ಇಂಗ್ಲಿಷ್ ಪ್ರಶ್ನೆ ಓದಿ ಚಿತ್ರ ಬರೆಯುವುದು. ಒಂದು ಲೆಕ್ಕಕ್ಕೆ ಹತ್ತು ನಿಮಿಷ ತೆಗೆದುಕೊಳ್ಳುತ್ತಿದ್ದವನು ಈಗ ನಾಲ್ಕರಲ್ಲಿ ಮುಗಿಸುತ್ತಾನೆ. ಕೆಲಸ ಇನ್ನೂ ಸಿಕ್ಕಿಲ್ಲ, ಡ್ರೈವ್‌ಗಳು ನಡೆಯುತ್ತಲೇ ಇವೆ. ಆದರೆ ‘ನನಗೆ ರೀಸನಿಂಗ್ ಬರಲ್ಲ ಬಿಡೋ’ ಎನ್ನುವ ಮಾತನ್ನು ಅವನು ಬಿಟ್ಟಿದ್ದಾನೆ.

ಕಂಪನಿಯಲ್ಲಿ ಕನ್ನಡ ಮಾತಾಡ್ತಾರಾ?

ನನ್ನ ಈ ಅಭಿಪ್ರಾಯ ಹೇಳಿದಾಗಲೆಲ್ಲ ಕ್ಲಾಸಿನಲ್ಲಿ ಬರುವ ಮೊದಲ ಪ್ರಶ್ನೆ ಇದು. ಕೆಲಸ ಇಂಗ್ಲಿಷ್‌ನಲ್ಲಿ, ಇಮೇಲ್ ಇಂಗ್ಲಿಷ್‌ನಲ್ಲಿ, ಪರೀಕ್ಷೆಯೂ ಇಂಗ್ಲಿಷ್‌ನಲ್ಲಿ. ಕನ್ನಡದಲ್ಲಿ ಕಲಿತು ಏನು ಮಾಡುತ್ತೀಯ?

ಇಂಗ್ಲಿಷ್ ಬೇಡ ಎಂದು ನಾನು ಹೇಳುತ್ತಿಲ್ಲ. ಬೇಕು, ಕಲಿಯಲೇಬೇಕು. ಆದರೆ ಬಹುತೇಕ ಕಂಪನಿಗಳ ಪರೀಕ್ಷೆಯಲ್ಲಿ ಇಂಗ್ಲಿಷ್ ಅಳೆಯಲು ವರ್ಬಲ್ ಎಂಬ ಬೇರೆ ವಿಭಾಗವೇ ಇದೆ. ಬ್ಯಾಂಕ್ ಪರೀಕ್ಷೆಯಲ್ಲೂ ಇಂಗ್ಲಿಷ್ ಪ್ರತ್ಯೇಕ. ರೀಸನಿಂಗ್ ವಿಭಾಗವೂ ಸುತ್ತಿ ಬಳಸಿ ಇಂಗ್ಲಿಷನ್ನೇ ಅಳೆಯುತ್ತಿದ್ದರೆ ಒಂದೇ ವಿಷಯಕ್ಕೆ ಎರಡು ಕಡೆ ಅಂಕ ಕೊಟ್ಟ ಹಾಗಾಗುತ್ತದೆ, ಇನ್ನೊಂದನ್ನು ಅಳೆಯದೇ ಬಿಟ್ಟ ಹಾಗಾಗುತ್ತದೆ. ನಷ್ಟ ಅಭ್ಯರ್ಥಿಗೆ ಮಾತ್ರವಲ್ಲ, ಕಂಪನಿಗೂ ಇದೆ. ಬಸ್ಸಿನಲ್ಲಿ ಅಷ್ಟು ಜನರನ್ನು ಜಗಳವಿಲ್ಲದೆ ಕೂರಿಸಬಲ್ಲವನನ್ನು ಬೇಡ ಎಂದು ಕಳಿಸಿದ್ದು ಅವರೇ.

ಇನ್ನೊಂದು ಮಾತೂ ಇದೆ: ಇಂಥ ಲೆಕ್ಕದಿಂದ ಉಪಯೋಗವೇನು, ಆಫೀಸಿನಲ್ಲಿ ಯಾರಾದರೂ ಹೀಗೆ ಕೂರುತ್ತಾರಾ? ಕಂಪ್ಯೂಟರ್ ಸೈನ್ಸ್ ಓದುವವರು ಈ ಪ್ರಶ್ನೆ ಕೇಳಬಾರದು. ಅಲ್ಗಾರಿದಂ ಲ್ಯಾಬ್‌ನಲ್ಲಿ ಎಂಟು ರಾಣಿಯರ ಸಮಸ್ಯೆಗೆ ಪ್ರೋಗ್ರಾಂ ಬರೆಯುತ್ತೇವಲ್ಲ, ಒಬ್ಬರನ್ನೊಬ್ಬರು ಹೊಡೆಯದಂತೆ ಚದುರಂಗದ ಹಾಸಿನ ಮೇಲೆ ಎಂಟು ರಾಣಿಯರನ್ನು ಕೂರಿಸುವುದು, ಅದು ಕುರ್ಚಿ ಲೆಕ್ಕವೇ. 92 ಉತ್ತರಗಳಿವೆ. ಒಂದು ಕಡೆ ಕೂರಿಸಿ ನೋಡು, ಆಗದಿದ್ದರೆ ಎಬ್ಬಿಸಿ ಹಿಂದಕ್ಕೆ ಬಾ ಎನ್ನುವ ಬ್ಯಾಕ್‌ಟ್ರ್ಯಾಕಿಂಗ್ ವಿಧಾನವನ್ನೇ ನಾವು ಮೇಲಿನ ಲೆಕ್ಕದಲ್ಲಿ ಪೆನ್ಸಿಲ್ ಹಿಡಿದು ಮಾಡಿದ್ದು. ಕಾಲೇಜಿನ ಟೈಮ್‌ಟೇಬಲ್ ಹಾಕುವುದು, ಒಂದೇ ವಿಷಯ ಬರೆಯುವವರು ಅಕ್ಕಪಕ್ಕ ಬಾರದಂತೆ ಪರೀಕ್ಷಾ ಕೊಠಡಿಯಲ್ಲಿ ಕೂರಿಸುವುದು, ಎಲ್ಲವೂ ಇದೇ ಜಾತಿಯವು.

ಈ ಒಗಟುಗಳಿಗೆ ಒಂದು ಮಾತೃಭಾಷೆ ಇದೆ ಎಂಬುದೂ ತಪ್ಪು ಕಲ್ಪನೆ. ದುಂಡು ಮೇಜಿನ ಸುತ್ತ ಗಂಡು ಹೆಣ್ಣು ಒಬ್ಬರಾದ ಮೇಲೊಬ್ಬರು ಬರಬೇಕು, ಆದರೆ ಯಾವ ಗಂಡ ಹೆಂಡತಿಯೂ ಅಕ್ಕಪಕ್ಕ ಇರಬಾರದು, ಎಷ್ಟು ಬಗೆಯಲ್ಲಿ ಕೂರಿಸಬಹುದು ಎಂದು 1891ರಲ್ಲಿ ಕೇಳಿದವನು ಎದುವಾರ್ ಲ್ಯೂಕಾ. ನಾವೆಲ್ಲ ರಿಕರ್ಷನ್ ಕಲಿಯುವಾಗ ಬರೆಯುವ ‘ಟವರ್ ಆಫ್ ಹನೋಯ್’ ಆಟವನ್ನು 1883ರಲ್ಲಿ ಹೊರತಂದವನೂ ಅವನೇ. ಕುರ್ಚಿಗಳನ್ನು ಬೇರೆ ಬೇರೆ ಎಂದು ಎಣಿಸಿದರೆ ಮೂರು ಜೋಡಿಗೆ 12 ದಾರಿ, ನಾಲ್ಕಕ್ಕೆ 96, ಐದಕ್ಕೆ 3120. ಲ್ಯೂಕಾ ಬರೆದದ್ದು ಫ್ರೆಂಚ್‌ನಲ್ಲಿ. ಇಂಗ್ಲಿಷ್‌ಗೆ ಬಂದಾಗ ಆ ಲೆಕ್ಕ ಸುಲಭವೂ ಆಗಲಿಲ್ಲ, ಕಷ್ಟವೂ ಆಗಲಿಲ್ಲ. ಕನ್ನಡಕ್ಕೆ ಬಂದರೂ ಅಷ್ಟೇ. ಬದಲಾಗುವುದು, ಲೆಕ್ಕದ ಬಾಗಿಲವರೆಗೆ ಎಷ್ಟು ಜನ ಬಂದು ಮುಟ್ಟುತ್ತಾರೆ ಎಂಬುದು.

ಕನ್ನಡ ಇದೆ, ಎಂಥ ಕನ್ನಡ?

ಬಾಗಿಲು ಸ್ವಲ್ಪ ತೆರೆದಿದೆ. ಪ್ರಾದೇಶಿಕ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿಯ ಜೊತೆ ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿತು. ಸಾರ್ವಜನಿಕ ವಲಯದ ಬ್ಯಾಂಕುಗಳ ಗುಮಾಸ್ತರ ನೇಮಕಾತಿಗೂ ಅದನ್ನೇ ಅನ್ವಯಿಸುವ ನಿರ್ಧಾರ 2021ರಲ್ಲಿ ಬಂತು. ಜೆಇಇ ಮೇನ್ ಕೂಡ 2021ರಿಂದ ಕನ್ನಡದಲ್ಲಿದೆ. ಕನ್ನಡದಲ್ಲಿ ತರ್ಕ ಮಾಡಬಹುದು ಎಂದು ಇವರೆಲ್ಲ ಒಪ್ಪಿಕೊಂಡಾಗಿದೆ. ನಮ್ಮ ಕಾಲೇಜಿನ ಟ್ರೈನಿಂಗ್ ಕ್ಲಾಸುಗಳು ಮಾತ್ರ ಇನ್ನೂ ಒಪ್ಪಿಕೊಂಡಂತಿಲ್ಲ.

ಹಾಗೆಂದು ಕನ್ನಡದ ಅಕ್ಷರ ಕಂಡ ಮಾತ್ರಕ್ಕೆ ಕೆಲಸ ಆಗಿಬಿಡುವುದಿಲ್ಲ. 2024ರ ಆಗಸ್ಟ್ 27ರಂದು ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ತಪ್ಪುಗಳಿವೆ ಎಂದು ಅಭ್ಯರ್ಥಿಗಳು ದನಿ ಎತ್ತಿದರು. ಸರ್ಕಾರ ಮರುಪರೀಕ್ಷೆಗೆ ಸೂಚಿಸಿತು. ಡಿಸೆಂಬರ್ 29ರಂದು ನಡೆದ ಮರುಪರೀಕ್ಷೆಯ ಅನುವಾದದ ಬಗ್ಗೆಯೂ ದೂರುಗಳು ಬಂದವು. ಸಾಮಾನ್ಯ ಜ್ಞಾನದ ಪ್ರಶ್ನೆಯಲ್ಲಿ ಒಂದು ಪದ ಹೆಚ್ಚುಕಡಿಮೆಯಾದರೆ ಊಹಿಸಿಯಾದರೂ ಬರೆಯಬಹುದು. ಕುರ್ಚಿ ಲೆಕ್ಕದಲ್ಲಿ ಒಂದು ವಿಭಕ್ತಿ ಪ್ರತ್ಯಯ ಜಾಗ ಬದಲಿಸಿದರೆ ಇಡೀ ಮೇಜೇ ತಿರುಗುತ್ತದೆ. ‘ಇಮ್ಮೀಡಿಯೆಟ್ ಲೆಫ್ಟ್’ ಎಂಬುದನ್ನು ‘ತಕ್ಷಣದ ಎಡಕ್ಕೆ’ ಎಂದು ಬರೆದರೆ ಓದುವವರು ಗಡಿಯಾರ ನೋಡಬೇಕೋ ಕುರ್ಚಿ ನೋಡಬೇಕೋ?

ಕನ್ನಡಕ್ಕೆ ಅದರದೇ ತೊಡಕುಗಳೂ ಇವೆ, ಮುಚ್ಚಿಡುವುದು ಬೇಡ. ಗಂಡೋ ಹೆಣ್ಣೋ ಎಂಬುದನ್ನೇ ಕಂಡುಹಿಡಿಯಬೇಕಾದ ಲೆಕ್ಕದಲ್ಲಿ ‘ಎರಡನೆಯವಳು’ ಎಂದರೆ ಗುಟ್ಟು ರಟ್ಟಾದಂತೆ, ಅಲ್ಲಿ ‘ಎರಡನೆಯವರು’ ಎಂದೇ ಬರೆಯಬೇಕು. ರಕ್ತಸಂಬಂಧದ ಲೆಕ್ಕದಲ್ಲಿ ಇಂಗ್ಲಿಷ್‌ನ ‘ಅಂಕಲ್’ ಕನ್ನಡಕ್ಕೆ ಬಂದರೆ ಚಿಕ್ಕಪ್ಪನೋ ದೊಡ್ಡಪ್ಪನೋ ಸೋದರಮಾವನೋ ಎಂದು ಅನುವಾದಕರೇ ತೀರ್ಮಾನಿಸಬೇಕಾಗುತ್ತದೆ, ತೀರ್ಮಾನಿಸಿದರೆ ಉತ್ತರವನ್ನು ಅವರೇ ಕೊಟ್ಟ ಹಾಗೆ. ಆದ್ದರಿಂದ ಇಂಗ್ಲಿಷ್ ಪ್ರಶ್ನೆಯನ್ನು ಯಂತ್ರಕ್ಕೆ ಹಾಕಿ ತೆಗೆಯುವ ಬದಲು, ಲೆಕ್ಕವನ್ನು ಬಲ್ಲ ಕನ್ನಡಿಗರು ಕೂತು ಕನ್ನಡದಲ್ಲೇ ಪ್ರಶ್ನೆ ಹೆಣೆಯಬೇಕು. ಅಂಥವರು ನಮ್ಮ ಕಾಲೇಜುಗಳಲ್ಲೇ ಎಷ್ಟೋ ಜನ ಇದ್ದಾರೆ.

ನಾವು ಮಾಡಬಹುದಾದದ್ದು

ಪರೀಕ್ಷೆಯ ಭಾಷೆ ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಗೇಟ್‌ನ ಜನರಲ್ ಆ್ಯಪ್ಟಿಟ್ಯೂಡ್‌ನ 15 ಅಂಕ, ಸಾರ್ವಜನಿಕ ವಲಯದ ಬ್ಯಾಂಕುಗಳ ಅಧಿಕಾರಿ ಹುದ್ದೆಯ ಪರೀಕ್ಷೆ, ಕಂಪನಿಗಳ ಆನ್‌ಲೈನ್ ಟೆಸ್ಟ್ ಇವುಗಳಲ್ಲಿ ಕನ್ನಡಕ್ಕೆ ಜಾಗವಿಲ್ಲ. ಆದರೆ ನಾವು ಕಲಿಯುವ ಭಾಷೆ ಯಾವುದು ಎಂಬುದು ನಮ್ಮ ಕೈಯಲ್ಲಿದೆ. ಇಬ್ಬರು ಸಾಕು. ಇಂಗ್ಲಿಷ್ ಓದಿ ರೂಢಿ ಇರುವವರು ಒಬ್ಬರು, ಇಲ್ಲದವರು ಒಬ್ಬರು. ಒಬ್ಬರು ಕನ್ನಡದಲ್ಲಿ ಹೇಳಲಿ, ಇನ್ನೊಬ್ಬರು ಚಿತ್ರ ಬರೆಯಲಿ. ಹೇಳುವವರಿಗೂ ಲಾಭವಿದೆ. ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಬೇಕಾದರೆ ಅದನ್ನು ಪೂರ್ತಿ ಅರ್ಥ ಮಾಡಿಕೊಳ್ಳಲೇಬೇಕು. ಅರೆಬರೆ ತಿಳಿದು ‘ಗೊತ್ತಾಯ್ತು’ ಎಂದು ದಾಟುವ ಹಾಗಿಲ್ಲ.

ಸ್ಪೀಡ್ ಆಮೇಲೆ ಬರುತ್ತದೆ. ಸೈಕಲ್ ಕಲಿಯುವಾಗ ಯಾರೂ ಮೊದಲ ದಿನವೇ ಗಡಿಯಾರ ನೋಡುವುದಿಲ್ಲ. ಮೊದಲ ವಾರ ಟೈಮರ್ ಇಲ್ಲದೆ ಬಿಡಿಸಿ, ಎರಡು ಚಿತ್ರ ಬೇಕಾದಲ್ಲಿ ಎರಡೂ ಬರೆಯಿರಿ, ಉತ್ತರ ಬಂದಮೇಲೆ ಪ್ರತಿ ಸುಳಿವನ್ನೂ ಚಿತ್ರಕ್ಕೆ ಹಿಡಿದು ನೋಡಿ. ಎಡಬಲದ ಸುಳಿವನ್ನು ಮಾತ್ರ ಎರಡು ಸಲ ನೋಡಿ, ಯಾಕೆಂದರೆ ಕನ್ನಡಿ ಚಿತ್ರವನ್ನು ಹಿಡಿದುಹಾಕುವುದು ಅದೊಂದೇ.

ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್‌ಗಳಿಗೆ ನನ್ನ ಕೋರಿಕೆಯೂ ದೊಡ್ಡದೇನಲ್ಲ. ಆ್ಯಪ್ಟಿಟ್ಯೂಡ್ ತರಬೇತಿಯ ಮೊದಲ ನಾಲ್ಕು ತರಗತಿಗಳನ್ನು ಕನ್ನಡದಲ್ಲಿ ನಡೆಸಿ. ಸೇರಲೇಬೇಕೆಂಬ ಒತ್ತಾಯ ಬೇಡ, ಬೇಕೆಂದವರು ಬರಲಿ. ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಎಷ್ಟು ಜನ ಅವತ್ತು ಮುಂದೆ ಬಂದು ಬೋರ್ಡಿನ ಮೇಲೆ ಚಿತ್ರ ಬರೆಯುತ್ತಾರೆ ಎಂದು ನೀವೇ ಎಣಿಸಿ ನೋಡಿ.